ಬಿದ್ದ ಮೇಪಲ್ ಮರದಿಂದ ಊಟದ ಮೇಜು: ಮಾಡಿದವರು ಹೇಳಿ

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇವೆ. ಹಿತ್ತಲಿನ ಮೇಪಲ್ ಗಾಳಿಗೆ ಬಿತ್ತು. ಕೊಯ್ಸಿ ಊಟದ ಮೇಜು ಮಾಡುವ ಆಸೆ. ರೆಡ್ ಮೇಪಲ್ಲೋ ಶುಗರ್ ಮೇಪಲ್ಲೋ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ತಿಳಿಸಿ.

ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ: ಯಾವ ಮೇಪಲ್ ಆದರೂ ಮೊದಲು ಒಣಗಿಸುವುದು ನೋಡಿ. ನಾನು ಕೆಟ್ಟಿದ್ದೇ ಅಲ್ಲಿ. ಮರ ಬಿದ್ದದ್ದು ಜುಲೈನಲ್ಲಿ, ಮಿಲ್ಲಿನವರು ಬಂದದ್ದು ಆರು ವಾರದ ಮೇಲೆ. ಕೊಯ್ತಕ್ಕೆ 260 ಡಾಲರ್, ಟ್ರೈಲರ್ ಬಾಡಿಗೆ 45, ತುದಿ ಸೀಳದ ಹಾಗೆ ಹಚ್ಚುವ ಮೇಣಕ್ಕೆ 32. ಆ ಮೇಣ ಹಚ್ಚುವಷ್ಟರಲ್ಲಿ ತುದಿ ಸೀಳಿತ್ತು. ಗಾಳಿಯಾಡಲಿ ಅಂತ ಹಲಗೆಗಳ ನಡುವೆ ಇಟ್ಟ ರೀಪು ಹಸಿ ಇತ್ತು. ಒಂದು ವರ್ಷ ಬಿಟ್ಟು ತೋಪಡ ಹೊಡೆದರೆ, ರೀಪು ಕೂತ ಕಡೆಯೆಲ್ಲ ಬೂದು ಪಟ್ಟೆ. ಮತ್ತೆ ಹೊಡೆದೆ, ಹೋಗಲಿಲ್ಲ. 14 ಹಲಗೆಯಲ್ಲಿ ಕೈಗೆ ಸಿಕ್ಕಿದ್ದು 5. ಗ್ಯಾರೇಜಿನಲ್ಲಿ ಉಳಿದ ಒಂಬತ್ತನ್ನು ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಫಲೋದಿಂದ: ನಮ್ಮದು ಶುಗರ್ ಮೇಪಲ್. ಯಾವುದೆಂದು ಗುರುತಿಸಲು ಐರನ್ ಸಲ್ಫೇಟ್ ಒಂದು ಚಮಚ ಒಂದು ಲೋಟ ನೀರಿಗೆ ಕಲಸಿ, ಮರದ ಹೊರಗಿನ ಬಿಳಿ ಭಾಗಕ್ಕೆ ಹಚ್ಚಿದೆ. ಹಸಿರು ತಿರುಗಿತು. ರೆಡ್ ಆಗಿದ್ದರೆ ನೀಲಿಗಪ್ಪು ಆಗುತ್ತದೆ. ಶುಗರ್ ಮೇಪಲ್‌ನ ಜಾಂಕಾ ಗಡಸುತನ (ಚಿಕ್ಕ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಒತ್ತಲು ಬೇಕಾಗುವ ಬಲ) 1450 ಪೌಂಡ್, ರೆಡ್‌ಗೆ 950 ಅಷ್ಟೇ. ಗಟ್ಟಿ ಮರ, ಜಾಸ್ತಿ ಕೆಲಸ ಕೊಡುತ್ತದೆ. ಗರಗಸಕ್ಕೆ ತಳ್ಳುವಾಗ ಅರೆಗಳಿಗೆ ಕೈ ನಿಂತರೂ ಸಾಕು, ಅಂಚು ಕಾಫಿ ಬಣ್ಣಕ್ಕೆ ಸುಟ್ಟುಹೋಗುತ್ತದೆ. ಹೊಸ ಬ್ಲೇಡಿಗೆ 70 ಡಾಲರ್ ಕೊಟ್ಟೆ. ಅಂಚು ಕೊರೆಯುವ ರೌಟರ್ ಯಂತ್ರದ ಬಿಟ್ ಎರಡು ಹೋದವು. ಆದರೂ ಮೇಜಿಗೆ ಶುಗರ್ ಮೇಪಲ್ಲೇ ಬೇಕು. ರೆಡ್ ಮೇಲೆ ಮಕ್ಕಳು ಚಮಚ ಬಡಿದರೆ ಗುಂಡಿ ಬೀಳುತ್ತದೆ.

ಕೊಲಂಬಸ್‌ನಿಂದ: ಯಾರ ಮನೆ ಮೇಜು ನೋಡಿ ಹೇಳುತ್ತಿದ್ದೀರಿ? ನಮ್ಮದು ರೆಡ್ ಮೇಪಲ್. 6 ವರ್ಷದಿಂದ ಇಬ್ಬರು ಹುಡುಗರ ಊಟ, ಓದು, ಜಗಳ ಎಲ್ಲ ಅದರ ಮೇಲೆಯೇ. ತೋರಿಸುವಂಥ ಒಂದು ಗುಂಡಿ ಇಲ್ಲ. ನಾನು ಪಟ್ಟ ಕಷ್ಟ ಬಣ್ಣದ್ದು. ರಾತ್ರಿ ವಾಲ್ನಟ್ ಮರದ ಕಂದು ಬಣ್ಣ ಬರಲೆಂದು ವಾಲ್ನಟ್ ಸ್ಟೇನ್ ಹಚ್ಚಿ ಬೆಳಿಗ್ಗೆ ನೋಡಿದರೆ, ಬೆನ್ನಿಗೆ ಚಿಬ್ಬು ಬಂದ ಹಾಗೆ ಕಲೆ ಕಲೆ. ಮೂರು ವಾರಾಂತ್ಯ ಉಜ್ಜಿದೆ. 80 ನಂಬರಿನ ಒರಟಿನಿಂದ 180ರ ನಯದವರೆಗೆ ಉಪ್ಪುಕಾಗದಕ್ಕೇ 54 ಡಾಲರ್. ಆಮೇಲೆ ಮೇಣ ತೆಗೆದ ಶೆಲ್ಯಾಕ್ (ಅರಗಿನ ಪಾಲಿಶ್) ತೆಳುವಾಗಿ ಒಂದು ಕೈ ಹೊಡೆದು, ಮೇಲೆ ಗಟ್ಟಿಯಾದ ಜೆಲ್ ಸ್ಟೇನ್ ಹಚ್ಚಿದೆ. ಆಗ ಸಮ ಬಂತು.

ಬಫಲೋದಿಂದ: ಮೇಪಲ್‌ಗೆ ಬಣ್ಣ ಯಾಕೆ ಹಚ್ಚಬೇಕು? ಆ ಬಿಳುಪಿಗೇ ಅಲ್ವಾ ಅದನ್ನು ಇಷ್ಟಪಡುವುದು? ವಾಲ್ನಟ್ ಬೇಕಿದ್ದರೆ ವಾಲ್ನಟ್ಟೇ ತರಬೇಕಿತ್ತು.

ಕೊಲಂಬಸ್‌ನಿಂದ: ವಾಲ್ನಟ್‌ಗೆ ಬೋರ್ಡ್ ಫುಟ್‌ಗೆ (ಅಡಿ ಉದ್ದ, ಅಡಿ ಅಗಲ, ಇಂಚು ದಪ್ಪ) 13 ಡಾಲರ್ ಹೇಳಿದರು. ನೀವು ಕೊಡುತ್ತಿದ್ದಿರಾ? ನಿಮ್ಮ ಬಿಳುಪು ಬಿಸಿಲಿಗೆ ಹಳದಿ ತಿರುಗಲಿ, ಆಗ ಮಾತಾಡೋಣ.

ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ: ಇಬ್ಬರೂ ಸುಮ್ನಿರಿ. ಅವರ ದಿಮ್ಮಿ ಬಿಸಿಲಲ್ಲಿ ಬಿದ್ದಿದೆ, ನೀವು ಬಣ್ಣದ ಜಗಳ ಆಡುತ್ತಿದ್ದೀರಿ.

ವರ್ಮಾಂಟ್‌ನಿಂದ: ಎಲೆ ಇನ್ನೂ ಇದೆಯಾ? ಅಂಚು ಗರಗಸದ ಹಲ್ಲಿನ ಹಾಗಿದ್ದರೆ ರೆಡ್, ನುಣುಪಾಗಿದ್ದರೆ ಶುಗರ್. ರೆಡ್ ಆಗಿದ್ದರೆ ಬಾಡಿದ ಎಲೆ ಕುದುರೆಗೆ ವಿಷ. ನಾವು ಕೊಂಬೆಗಳನ್ನು ಬೇಲಿ ಪಕ್ಕ ರಾಶಿ ಹಾಕಿದ್ದೆವು. ಆಚೆಯವರ ಕುದುರೆ ಮೇಯ್ದು ಎರಡು ದಿನ ಎದ್ದು ನಿಲ್ಲಲಿಲ್ಲ. ಬದುಕಿತು. ಡಾಕ್ಟರ ಬಿಲ್ 1,900 ಡಾಲರ್, ನಾವೇ ಕೊಟ್ಟೆವು. ಕೊಂಬೆ ಇವತ್ತೇ ಸಾಗಿಸಿ.