ಅಪ್‌ಡೇಟ್: ಕ್ಯಾರೆಕ್ಸ್ ಎಲೆಯ ಬಿಳಿ ಚೀಲದ ಕೀಟ ಲುಜುಲಾಸ್ಪಿಸ್

ಇಂಗ್ಲೆಂಡಿನ ಜೌಗಿನಲ್ಲಿ, ಕ್ಯಾರೆಕ್ಸ್ ಎಂಬ ಜೇಕಿನ ಎಲೆಗೆ ಅಂಟಿದ್ದ ಬಿಳಿ ಚೀಲದ ಕೀಟ ಯಾವುದೆಂದು ಕೇಳಿದ್ದೆ. ಹಿಟ್ಟು ತಿಗಣೆಯಂತೂ ಅಲ್ಲ. ಸೂಕ್ಷ್ಮದರ್ಶಕದ ಸ್ಲೈಡಿನಲ್ಲಿ ಹಿಂಬದಿಯ ಸೀಳು, ಅದರ ಬುಡದಲ್ಲಿ ಎರಡು ತ್ರಿಕೋನ ಗುದಫಲಕಗಳು ಸ್ಪಷ್ಟವಾಗಿವೆ. ಅಂದರೆ ಕಾಕ್ಸಿಡೇ ಕುಟುಂಬದ ಮೃದು ಶಲ್ಕ ಕೀಟ.

ಯಾವ ಕುಲ (ಜೀನಸ್) ಎಂದು ತಿಳಿದದ್ದು ಮೊಟ್ಟೆಚೀಲದಿಂದ. ಇದೇ ಕುಟುಂಬದ ಇನ್ನೊಂದು ಕುಲ ಎರಿಯೋಪೆಲ್ಟಿಸ್ ಆಗಿದ್ದರೆ ಹತ್ತಿಯಂಥ ಚೀಲ ಹೆಣ್ಣನ್ನು ಪೂರ್ತಿ ಮುಚ್ಚುತ್ತಿತ್ತು. ಇಲ್ಲಿ ಉದ್ದನೆಯ ಕಿರಿದಾದ ದೇಹ ಚೀಲದ ಮುಂತುದಿಯಲ್ಲಿ ಬೆನ್ನು ಬಿಟ್ಟುಕೊಂಡು ಕೂತಿದೆ. ಹಾಗಾಗಿ ಲುಜುಲಾಸ್ಪಿಸ್.

ಪ್ರಭೇದ ಯಾವುದೆಂದು ತಿಳಿಯಲು ದೇಹದ ಅಂಚಿನ ಮುಳ್ಳುಗಳನ್ನು ಸ್ಲೈಡಿನಲ್ಲಿ ನೋಡಬೇಕು, ಫೋಟೋ ಸಾಲದು. ಸ್ಲೈಡ್ ಮಾಡುವುದು ಹೀಗೆ. ಚೀಲ ಕಟ್ಟುವ ಮುಂಚಿನ ಎಳೆ ಹೆಣ್ಣನ್ನೇ ಆರಿಸಿ, 70% ಆಲ್ಕೋಹಾಲಿನಲ್ಲಿಡಿ. ಆಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೆಚ್ಚಗಿಡಿ. ಕುದಿಸಿದರೆ ಚರ್ಮ ಹರಿಯುತ್ತದೆ. ಒಳಗಿನದನ್ನು ಮೆಲ್ಲಗೆ ಒತ್ತಿ ತೆಗೆದು, ಆಸಿಡ್ ಫುಕ್ಸಿನ್ ಬಣ್ಣ ಹಾಕಿ.