ಪದಚರ್ಚೆ: 'ಚಾಈ'ಗೆ ಕನ್ನಡದಲ್ಲಿ 'ಹುಳುಕಡ್ಡಿ' ಎನ್ನಬಹುದೇ?

ಪ್ರಶ್ನೆ

ನಮಸ್ಕಾರ. ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡಿಗರಿಗಾಗಿ ನಡೆಯುವ ಚರ್ಮರೋಗ ತಪಾಸಣೆಗೆ ಒಂದು ಕರಪತ್ರ ಸಿದ್ಧವಾಗುತ್ತಿದೆ. ಮೂಲ ಮರಾಠಿಯಲ್ಲಿದ್ದು, ಅದರಲ್ಲಿ 'ಕೇಸ್ ಗಳಣೆ', 'ಟಕ್ಕಲ್', 'ಚಾಈ' ಎಂಬ ಮೂರು ಮಾತುಗಳಿವೆ. ಮೊದಲೆರಡಕ್ಕೆ 'ಕೂದಲು ಉದುರುವುದು', 'ಬೋಳು' ಎಂದು ಬರೆದಿದ್ದೇವೆ. ಚಾಈ ಎಂದರೆ ನಾಣ್ಯದಗಲ ಕೂದಲು ಹೋಗಿ ಆ ಜಾಗ ನುಣ್ಣಗಾಗುವುದು. ನಮ್ಮವರು ಕೆಲವರು ಅದಕ್ಕೆ 'ಹುಳ ತಿಂದಿದೆ' ಅನ್ನುತ್ತಾರೆ, ಹಾಗಾಗಿ 'ಹುಳುಕಡ್ಡಿ' ಎಂದು ಹಾಕಿದ್ದೇವೆ. ಆಯುರ್ವೇದದ 'ಇಂದ್ರಲುಪ್ತ' ಇರಲಿ ಎಂದವರೂ ಇದ್ದಾರೆ. ಯಾವುದು ಸರಿ?

ಉತ್ತರ 1

'ಹುಳುಕಡ್ಡಿ' ಎಂದು ದಯವಿಟ್ಟು ಅಚ್ಚು ಹಾಕಿಸಬೇಡಿ. ಹುಳುಕಡ್ಡಿ ಶಿಲೀಂಧ್ರದ ಸೋಂಕು; ತಲೆಗೆ ಬಂದರೆ ವೈದ್ಯರು ಟೀನಿಯಾ ಕ್ಯಾಪಿಟಿಸ್ ಎನ್ನುತ್ತಾರೆ. ಚಾಈ ಅಲೊಪೇಶಿಯಾ ಏರಿಯೇಟಾ. ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುವುದು. ಅಲ್ಲಿ ಹುಳವೂ ಇಲ್ಲ, ಸೋಂಕೂ ಇಲ್ಲ, ಅದು ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. 'ಹುಳ ತಿಂದಿದೆ' ಎಂಬ ಒಂದು ಮಾತಿಗೇ ಮಗುವಿನ ಬಾಚಣಿಗೆ, ದಿಂಬು ಬೇರೆಯಾಗುತ್ತವೆ. ಹುಳ ಸಾಯಲಿ ಎಂದು ಹಸಿ ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳುವುದೂ ಇದರಿಂದಲೇ.

ಕಣ್ಣಿಟ್ಟು ನೋಡಿದರೆ ಎರಡನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದು. ಚಾಈಯ ಬಿಲ್ಲೆಯಲ್ಲಿ ಹೊಟ್ಟಿರುವುದಿಲ್ಲ, ಚರ್ಮ ನಯವಾಗಿರುತ್ತದೆ. ಅಂಚಿನಲ್ಲಿ ತುದಿ ದಪ್ಪ, ಬುಡ ಸಣಕಲು ಇರುವ ಮೋಟು ಕೂದಲು ಸಿಗುತ್ತವೆ, ಥೇಟ್ ಆಶ್ಚರ್ಯಸೂಚಕ ಚಿಹ್ನೆಯ ಆಕಾರ. ಕೆಲವರ ಉಗುರಿನ ಮೇಲೆ ಸಣ್ಣ ಸಣ್ಣ ಗುಳಿಗಳೂ ಕಾಣುತ್ತವೆ. ಹುಳುಕಡ್ಡಿ ಹೆಚ್ಚಾಗಿ ಮಕ್ಕಳದ್ದು: ಹೊಟ್ಟು, ಕೆರೆತ, ಚರ್ಮದ ಮಟ್ಟಕ್ಕೇ ಮುರಿದ ಕೂದಲಿನ ಕಪ್ಪು ಚುಕ್ಕೆ, ಕತ್ತಿನ ಹಿಂದೆ ಗಂಟು. ಅನುಮಾನವಿದ್ದರೆ ಹೊಟ್ಟು ಮತ್ತು ಮೋಟು ಕೂದಲನ್ನು ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಚಿಕಿತ್ಸೆ ತದ್ವಿರುದ್ಧ. ಹುಳುಕಡ್ಡಿಗೆ ಬರೀ ಮುಲಾಮು ಸಾಲದು, ಅದು ಕೂದಲ ಬೇರಿನ ತನಕ ಇಳಿಯುವುದಿಲ್ಲ. ಹೊಟ್ಟೆಗೇ ಗುಳಿಗೆ ಬೇಕು: ಗ್ರೈಸಿಯೋಫುಲ್ವಿನ್ 6ರಿಂದ 8 ವಾರ, ಅದೂ ಹಾಲು ಅಥವಾ ಜಿಡ್ಡಿನ ಊಟದ ಜೊತೆ, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ, ಅಥವಾ ತೂಕ ನೋಡಿಕೊಂಡು ಟರ್ಬಿನಾಫಿನ್. ಚಾಈಗೆ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಬಿಲ್ಲೆಯೊಳಗೇ ಸೂಜಿಯಿಂದ ಕೊಡುತ್ತಾರೆ. ಸುಮಾರು ಒಂದು ಸೆಂಟಿಮೀಟರಿಗೊಂದರಂತೆ ಚುಚ್ಚಿ, ಪ್ರತಿ ಕಡೆ 0.1 ಮಿಲಿ, 4ರಿಂದ 6 ವಾರಕ್ಕೊಮ್ಮೆ. ಹೆಚ್ಚಾದರೆ ಚರ್ಮ ಗುಳಿಬೀಳುತ್ತದೆ. ಈಗ ಹೆಸರು ಅದಲುಬದಲಾದರೆ ಏನಾಗುತ್ತದೆ ನೋಡಿ. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಕ್ರೀಮ್ ಬಿದ್ದರೆ ಕೆಂಪು, ಕೆರೆತ ತಗ್ಗಿ ವಾಸಿಯಾದಂತೆ ಕಾಣುತ್ತದೆ, ಒಳಗೊಳಗೇ ಹಬ್ಬುತ್ತದೆ. ಕೀವು ತುಂಬಿ ಮೆತ್ತಗೆ ಊದಿಕೊಂಡು ಕಲೆಗಟ್ಟಿದರೆ ಅಲ್ಲಿ ಮತ್ತೆ ಕೂದಲಿಲ್ಲ. ಚಾಈಗೆ ಹುಳುಕಡ್ಡಿ ಮುಲಾಮು ಹಚ್ಚಿದರೆ ಉಪಯೋಗ ಸೊನ್ನೆ. ಆದರೆ ಒಂದೆರಡು ಬಿಲ್ಲೆಯ ಚಾಈ ಎಷ್ಟೋ ಸಲ ತಾನಾಗಿಯೇ, ಮೊದಲು ಬಿಳಿ ಕೂದಲಾಗಿ, ತುಂಬಿಕೊಳ್ಳುವುದರಿಂದ ಹೆಸರು ಮುಲಾಮಿಗೆ ಬರುತ್ತದೆ.

'ಇಂದ್ರಲುಪ್ತ' ತಪ್ಪಲ್ಲ, ತೊಡಕಿದೆ. ಸುಶ್ರುತ ಇಂದ್ರಲುಪ್ತ, ಖಾಲಿತ್ಯ ಎರಡನ್ನೂ ಒಂದೇ ರೋಗದ ಹೆಸರುಗಳಾಗಿ ಹೇಳುತ್ತಾನೆ. ವಾಗ್ಭಟನಲ್ಲಿ ಕ್ರಮೇಣ ಉದುರುವುದು ಖಲತಿ ಎಂದು ಬೇರೆಯಾಗುತ್ತದೆ. ಕರಪತ್ರ ಓದುವ ತಾಯಿಗೆ ಇದರಿಂದ ಏನೂ ತಿಳಿಯದು. 'ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗುವುದು' ಎಂದು ಬರೆದು ಪಕ್ಕದಲ್ಲಿ 'ಚಾಈ' ಎಂದೇ ಇಡಿ. ಮುಂಬೈಯಲ್ಲಿ ಆ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ.

ಇನ್ನು 'ಉದುರುವುದು'. ಈ ಮಾತನ್ನು ಉದುರುವುದಕ್ಕೆ ಮಾತ್ರ ಬಳಸಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಿದಷ್ಟೂ ಕೈತುಂಬ ಬಂದರೆ ಎರಡು ಮೂರು ತಿಂಗಳು ಹಿಂದೆ ಹೋಗಿ ಕಾರಣ ಹುಡುಕಬೇಕು: ಜ್ವರ, ಹೆರಿಗೆ, ಆಪರೇಷನ್, ಥೈರಾಯ್ಡ್, ಕಬ್ಬಿಣದ ಕೊರತೆ, ಊಟ ಬಿಟ್ಟು ತೂಕ ಇಳಿಸಿದ್ದು. ಜ್ವರದಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ವಿಶ್ರಾಂತಿಗೆ ಜಾರುತ್ತವೆ, ಸುಮಾರು ಮೂರು ತಿಂಗಳ ಮೇಲೆ ಒಟ್ಟಿಗೇ ಬೀಳುತ್ತವೆ. ಇಲ್ಲಿ ಮಳೆಗಾಲದಲ್ಲಿ ಡೆಂಗಿ ಬಂದವರ ಕೂದಲು ದೀಪಾವಳಿಯ ಹೊತ್ತಿಗೆ ಉದುರುತ್ತದೆ, ಬೈಗುಳ ಮಾತ್ರ ನಲ್ಲಿ ನೀರಿಗೆ. ಬಿದ್ದ ಕೂದಲ ಬುಡದಲ್ಲಿ ಬಿಳಿ ಗುಂಡು ಇರುತ್ತದೆ. ಅದನ್ನು ಕಂಡು 'ಬೇರೇ ಕಿತ್ತು ಬಂತು' ಎಂದು ಹೆದರುತ್ತಾರೆ, ಬೇರು ಒಳಗೇ ಇರುತ್ತದೆ. ವೈದ್ಯರು 50-60 ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರು ಜಾಸ್ತಿ ಎಂದರ್ಥ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ.

'ಟಕ್ಕಲ್' ವಂಶದಿಂದ ಬರುವಂಥದ್ದು. ಅಲ್ಲಿ ಕೂದಲು ಉದುರುವುದಕ್ಕಿಂತ ಹೆಚ್ಚಾಗಿ ಪ್ರತಿ ಸುತ್ತಿನಲ್ಲೂ ಇನ್ನಷ್ಟು ತೆಳ್ಳಗೆ ಹುಟ್ಟುತ್ತದೆ. ಗಂಡಸರಿಗೆ 'ಬಕ್ಕತಲೆ' ಸರಿಹೊಂದುತ್ತದೆ. ಹೆಂಗಸರ ವಿಷಯದಲ್ಲಿ 'ಬೋಳು' ಬೇಡ. 'ಬೋಳಿ' ನಮ್ಮಲ್ಲಿ ತಲೆ ಬೋಳಿಸಿದ ವಿಧವೆಗೆ ಅಂಟಿದ ಬೈಗುಳ, ಆ ಕರಪತ್ರವನ್ನು ಯಾವ ಹೆಂಗಸೂ ಕೈಯಲ್ಲಿ ಹಿಡಿಯಲಾರಳು. 'ಬೈತಲೆ ಅಗಲವಾಗುವುದು' ಎನ್ನಿ. ವೈದ್ಯರು ನೋಡುವ ಗುರುತೂ ಅದೇ: ಮುಂದಿನ ಅಂಚು ಉಳಿದು, ನಡುನೆತ್ತಿಯ ಬೈತಲೆ ಅಗಲವಾಗುತ್ತ ಹೋಗುತ್ತದೆ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ. ಬೋಳಾದ ಜಾಗದಲ್ಲಿ ಕೂದಲಿನ ರಂಧ್ರವೇ ಕಾಣದೆ ಚರ್ಮ ಹೊಳೆಯುತ್ತಿದ್ದರೆ, ಉರಿ ನೋವಿದ್ದರೆ, ತಡಮಾಡದೆ ತೋರಿಸಬೇಕು. ಕಲೆಗಟ್ಟುವ ರೋಗಗಳಲ್ಲಿ ಹೋದದ್ದು ಮರಳಿ ಬಾರದು, ಉಳಿದದ್ದನ್ನು ಕಾಪಾಡಬಹುದು ಅಷ್ಟೆ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ 'ಹಚ್ಚು' ಎಂಬ ಕ್ರಿಯಾಪದದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಟಕ್ಕಲಿಗೆ ನೆತ್ತಿಯ ಮೇಲೆ ಬಿಡುವ ಮಿನಾಕ್ಸಿಡಿಲ್ ಎಂಬ ಔಷಧಿಯ ಕುರಿತು 'ತಲೆಗೆ ಹಚ್ಚಿ' ಎಂದು ಬರೆದರೆ ನಮ್ಮವರು ಎಣ್ಣೆಯಂತೆ ಸುರಿದು ತಿಕ್ಕುತ್ತಾರೆ. ಔಷಧಿಯೆಲ್ಲ ಕೂದಲಿಗೆ ಹತ್ತಿ ಚರ್ಮಕ್ಕೆ ತಲುಪುವುದೇ ಇಲ್ಲ, ಹಣೆಗಿಳಿದರೆ ಮುಖದಲ್ಲಿ ಕೂದಲು ಹುಟ್ಟುತ್ತದೆ. ಹೀಗೆ ಬರೆಯಿರಿ: 'ಒಣಗಿದ ತಲೆಯಲ್ಲಿ ಕೂದಲನ್ನು ಬಿಡಿಸಿ, ಡ್ರಾಪರಿನಿಂದ 1 ಮಿಲಿಯನ್ನು ನೆತ್ತಿಯ ಚರ್ಮದ ಮೇಲೆ ಹನಿಹನಿಯಾಗಿ ಬಿಟ್ಟು ಬೆರಳಲ್ಲಿ ಸವರಿ. ಸವರಿದ ಕೂಡಲೇ ಕೈ ತೊಳೆಯಿರಿ. ನಾಲ್ಕು ಗಂಟೆ ತಲೆ ತೊಳೆಯಬೇಡಿ.' ಗಂಡಸರಿಗೆ ಸಾಮಾನ್ಯವಾಗಿ ಶೇ. 5ರದ್ದು ದಿನಕ್ಕೆ ಎರಡು ಸಲ, ಹೆಂಗಸರು ಶೇ. 2ರದ್ದನ್ನು ದಿನಕ್ಕೆರಡು ಸಲ, ಇಲ್ಲವೆ ಶೇ. 5ರ ನೊರೆಯನ್ನು ಒಂದು ಸಲ.

ಮೊದಲ ಕೆಲವು ವಾರ ಉದುರುವುದು ಹೆಚ್ಚುತ್ತದೆ ಎಂಬುದನ್ನೂ ಬರೆಯಲೇಬೇಕು. ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿನಂತಾಗುತ್ತದೆ. ಹಾಗಾಗಿ 'ವಾಸಿಯಾಗುತ್ತದೆ' ಎಂಬ ಪದ ಬೇಡ, 'ತಡೆಯುತ್ತದೆ' ಸಾಕು. ಟಕ್ಕಲಿಗೇ ಕೊಡುವ ಫಿನಾಸ್ಟರೈಡ್ 1 ಮಿಗ್ರಾಂ ಗುಳಿಗೆ ಗಂಡಸರಿಗೆ ಮಾತ್ರ ಎಂದಿರಲಿ, ಬಸುರಿಯರು ಮುರಿದ ಗುಳಿಗೆಯನ್ನು ಮುಟ್ಟಲೂಬಾರದು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ರಕ್ತಪರೀಕ್ಷೆಯ ಪಿಎಸ್‌ಎ ಅಂಕಿ ಅರ್ಧದಷ್ಟು ಇಳಿಯುವುದರಿಂದ, ರಕ್ತ ಕೊಡುವಾಗ ಈ ಗುಳಿಗೆಯ ಹೆಸರು ಹೇಳಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರೂ ಹಾಗೆಯೇ: ಅದು ಥೈರಾಯ್ಡ್ ವರದಿಯನ್ನು ತಪ್ಪಾಗಿ ತೋರಿಸಬಲ್ಲದು, ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಲು ಹೇಳಿ.