‘ತೋಟದ ಮನೆ ಬಳಗ’ ಗುಂಪಿನಲ್ಲಿ ಭಾನುವಾರ

ತಿಪಟೂರು ದೊಡ್ಡಪ್ಪ: (ಬಂದದ್ದನ್ನು ಹಾಗೆಯೇ ಕಳುಹಿಸಿದ್ದು) ಮತದಾನದ ಹಕ್ಕಿಗಾಗಿ ಅಮೆರಿಕದ ಹೆಂಗಸರು ಜೈಲು ಸೇರಿದರು. ಸ್ವಿಟ್ಜರ್ಲೆಂಡಿನವರು 1971ರವರೆಗೆ ಕಾದರು. ಜಗತ್ತಿನಲ್ಲೇ ಮೊದಲು ಹೆಣ್ಣಿಗೆ ಮತ ಕೊಟ್ಟ ದೇಶ ನಮ್ಮದು, ಅದೂ ಯಾವ ಹೋರಾಟವೂ ಇಲ್ಲದೆ. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ.

ಶಿರಾ ಚಿಕ್ಕಪ್ಪ: ನೂರಕ್ಕೆ ನೂರು ಸತ್ಯ ಅಣ್ಣ.

ಬೆಂಗಳೂರು ಅಣ್ಣ: ಇದರ ಮೂಲ ಯಾವುದು ದೊಡ್ಡಪ್ಪ? ಮೊದಲು ಕೊಟ್ಟದ್ದು ನ್ಯೂಜಿಲೆಂಡ್, 1893ರಲ್ಲಿ.

ತಿಪಟೂರು ದೊಡ್ಡಪ್ಪ: ಒಳ್ಳೆಯದನ್ನು ಒಪ್ಪಿಕೊಳ್ಳುವ ಗುಣವೇ ನಿಮ್ಮ ತಲೆಮಾರಿಗಿಲ್ಲ. ತೆಂಗಿನ ನುಸಿಗೆ ಔಷಧಿ ಹೇಳಿದಾಗಲೂ ಹೀಗೆಯೇ ಅಡ್ಡ ಮಾತನಾಡಿದೆ.

ಬೆಂಗಳೂರು ಅಣ್ಣ: ಆ ಔಷಧಿಯೂ ಸುಳ್ಳೇ ಆಗಿತ್ತು.

ನಾನು: ದೊಡ್ಡಪ್ಪ, ಮೊದಲೋ ಕಡೆಯೋ ಹೋಗಲಿ, ‘ಹೋರಾಟವಿಲ್ಲದೆ’ ಎಂಬುದನ್ನು ನಾನು ಒಪ್ಪುವುದಿಲ್ಲ. 1917ರ ಡಿಸೆಂಬರಿನಲ್ಲಿ ಮದರಾಸಿಗೆ ಬಂದಿದ್ದ ಬ್ರಿಟಿಷ್ ಸಚಿವ ಮಾಂಟೆಗು ಅವರನ್ನು ಸರೋಜಿನಿ ನಾಯ್ಡು ಮುಂದಾಳತ್ವದ ನಿಯೋಗ ಕಂಡು ಮತದ ಹಕ್ಕು ಕೇಳಿತು. 1919ರ ಕಾಯ್ದೆ ಅದನ್ನು ಕೊಡದೆ, ಪ್ರಾಂತ್ಯಗಳು ಬೇಕಾದರೆ ಕೊಡಲಿ ಎಂದು ಜಾರಿಕೊಂಡಿತು. ಮದರಾಸು 1921ರಲ್ಲಿ ಕೊಟ್ಟಿತು, ಅದೂ ಆಸ್ತಿ ಇದ್ದವರಿಗೆ ಮಾತ್ರ. ಎಲ್ಲ ಹೆಂಗಸರಿಗೂ ಸಿಗಲು ಸಂವಿಧಾನವೇ ಬರಬೇಕಾಯಿತು. ಅಷ್ಟು ವರ್ಷ ಅರ್ಜಿ ಹಿಡಿದು ಬಾಗಿಲು ತಟ್ಟಿದವರ ಶ್ರಮವನ್ನು ಒಂದು ಸಾಲಿನಲ್ಲಿ ಅಳಿಸುವುದು ಅನ್ಯಾಯ.

ಮಧುಗಿರಿ ಅಕ್ಕ: ಮತ ಎಂದರೆ ನನಗೆ ಅಜ್ಜಿಯೇ ನೆನಪಾಗುತ್ತಾಳೆ. ಕಾಂಗ್ರೆಸ್ಸಿನ ಜೋಡೆತ್ತಿನ ಗುರುತು ಹೋಗಿ ಎಷ್ಟೋ ಕಾಲವಾಗಿದ್ದರೂ ಮತಗಟ್ಟೆಯಲ್ಲಿ ಜೋಡೆತ್ತು ಎಲ್ಲಿದೆ ಎಂದು ಕೇಳುತ್ತಿದ್ದಳು! ಬರುವಾಗ ನಮಗೆಲ್ಲ ಸೆರಗಿನಲ್ಲಿ ಕಡಲೆಪುರಿ.

ಶಿರಾ ಚಿಕ್ಕಪ್ಪ: ಅವಳ ಜೊತೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನು ನಾನು.

ಮಧುಗಿರಿ ಅಕ್ಕ: ನೀವಲ್ಲ ಚಿಕ್ಕಪ್ಪ, ನಮ್ಮ ಅಪ್ಪ.

ನಾನು: ಅಕ್ಕ, ಅಜ್ಜಿಯ ಹೆಸರು ಪಟ್ಟಿಯಲ್ಲಿತ್ತು ಎಂಬುದೇ ದೊಡ್ಡ ವಿಷಯ. 1951–52ರ ಮೊದಲ ಚುನಾವಣೆಗೆ ಪಟ್ಟಿ ಬರೆಯುವಾಗ ಲಕ್ಷಾಂತರ ಹೆಂಗಸರು ಹೊರಗಿನವರ ಮುಂದೆ ತಮ್ಮ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಹೆಸರಿಲ್ಲದೆ ಸೇರಿಸುವುದಿಲ್ಲ ಎಂದು ಚುನಾವಣಾ ಆಯೋಗ ಪಟ್ಟು ಹಿಡಿಯಿತು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹಕ್ಕು ಸಂವಿಧಾನದಲ್ಲಿತ್ತು, ಅವರು ಮನೆಯಲ್ಲಿಯೇ ಉಳಿದರು.

ತಿಪಟೂರು ದೊಡ್ಡಪ್ಪ: ಅದು ಹೆಚ್ಚಾಗಿ ಉತ್ತರದ ಕಡೆಯ ಸಂಗತಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ಹೆಣ್ಣಿಗೆ ಗೌರವವಿತ್ತು.

ನಾನು: ಇದನ್ನು ಅರ್ಧ ಒಪ್ಪುತ್ತೇನೆ. ಮೈಸೂರು 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತ್ತು. ಅವಿಭಕ್ತ ಕುಟುಂಬದ ಆಸ್ತಿ ಭಾಗವಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿಡಬೇಕು ಎಂದಿತ್ತು.

ಗುಬ್ಬಿ ಅತ್ತೆ: 1933ರಲ್ಲಿಯೇ ಕಾಯ್ದೆ ಇತ್ತೇ? ಹಾಗಾದರೆ 2001ರಲ್ಲಿ ನನ್ನನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ‘ಹೆಣ್ಣುಮಕ್ಕಳಿಗೆ ತೋಟದಲ್ಲಿ ಏನೂ ಬರುವುದಿಲ್ಲ, ಇದು ಬರೀ ಪದ್ಧತಿ’ ಎಂದವರು ಯಾರು?

ಶಿರಾ ಚಿಕ್ಕಪ್ಪ: ಅಕ್ಕ, ಅದನ್ನೆಲ್ಲ ಇಲ್ಲಿ ಏಕೆ ಎತ್ತುತ್ತೀಯೆ? ಮಕ್ಕಳೆಲ್ಲ ಇದ್ದಾರೆ.

ಗುಬ್ಬಿ ಅತ್ತೆ: ಮಕ್ಕಳಿಗೂ ತಿಳಿಯಲಿ. ಮೂರು ಪುಟ ಇತ್ತು. ಒಂದನ್ನೂ ಓದಿ ಹೇಳಲಿಲ್ಲ. ಹೆಬ್ಬೆರಳ ಗುರುತಿನ ಶಾಯಿಯನ್ನು ಒರೆಸಿಕೊಳ್ಳಲು ಅಣ್ಣ ಒಂದು ಹಳೆಯ ವೃತ್ತಪತ್ರಿಕೆಯ ಚೂರು ಕೊಟ್ಟ. ಆಮೇಲೆ ಸೀರೆ, ಕುಪ್ಪಸ, ಅರಿಶಿನ ಕುಂಕುಮ.

ತಿಪಟೂರು ದೊಡ್ಡಪ್ಪ: ನಿನ್ನ ಮದುವೆಗೆ ಮಾಡಿದ ಸಾಲ ತೀರಿಸಿದವನು ನಾನು. ತವರು ಮನೆ ಎಂದರೆ ಲೆಕ್ಕಪತ್ರವಲ್ಲ. ನಾನು ಕಳುಹಿಸಿದ್ದು ದೇಶದ ವಿಷಯ, ನೀವು ಎಳೆದು ತಂದದ್ದು ಮನೆಯ ವಿಷಯ.

ನಾನು: ಎರಡೂ ಒಂದೇ ವಿಷಯ ದೊಡ್ಡಪ್ಪ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಾಗ, ಅದಕ್ಕೆ ಮೊದಲೇ ಮದುವೆಯಾಗಿದ್ದ ಅತ್ತೆಯಂಥವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು, ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗ, ಪರಭಾರೆಗಳನ್ನು ಮುಟ್ಟಲಿಲ್ಲ. ಆ ತಿದ್ದುಪಡಿಗಿಂತ ಮೊದಲೂ 1956ರ ಕಾಯ್ದೆಯ ಪ್ರಕಾರ ತಾತನ ಪಾಲಿನಲ್ಲಿ ಮಗಳಿಗೆ ಹಕ್ಕಿತ್ತು. ಏನೂ ಬರುವುದಿಲ್ಲ ಎಂಬುದು ನಿಜವಾಗಿದ್ದರೆ ಸಹಿ ಏಕೆ ಬೇಕಿತ್ತು?

ಬೆಂಗಳೂರು ಅಣ್ಣ: ಇದಕ್ಕೂ ಮೂಲ ಹಾಕು. ತಪ್ಪು ಹುಡುಕುವುದಕ್ಕಲ್ಲ, ನನ್ನ ಅಮ್ಮನೂ ಇಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದಾಳೆ.

ನಾನು: ಹಿಂದೂ ಉತ್ತರಾಧಿಕಾರ ಕಾಯ್ದೆಯ 6 ಮತ್ತು 8ನೆಯ ಕಲಂ ಓದು. 2020ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಓದು, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದಿದೆ.

ಶಿರಾ ಚಿಕ್ಕಪ್ಪ: ಈ ಗುಂಪು ಮಾಡಿದ್ದು ಹಬ್ಬಹರಿದಿನಗಳ ಶುಭಾಶಯಕ್ಕೆ.

ಗುಬ್ಬಿ ಅತ್ತೆ: ನಾನು ಪಾಲು ಕೇಳುತ್ತಿಲ್ಲ ತಮ್ಮ. ಏನು ಬಿಟ್ಟುಕೊಟ್ಟೆ ಎಂಬುದು ನನಗೆ ಗೊತ್ತಾಗಬೇಕು.

ತಿಪಟೂರು ದೊಡ್ಡಪ್ಪ: ಆ ಪತ್ರ ನನ್ನ ಬೀರುವಿನಲ್ಲಿಯೇ ಇದೆ. ಬಚ್ಚಿಟ್ಟಿಲ್ಲ. ಇಷ್ಟು ವರ್ಷ ಕೇಳಬಹುದಿತ್ತು.

ಗುಬ್ಬಿ ಅತ್ತೆ: ಈಗ ಕೇಳುತ್ತಿದ್ದೇನೆ ಅಣ್ಣ. ಮೂರೂ ಪುಟಗಳ ಫೋಟೋ ತೆಗೆದು ಇಲ್ಲಿಗೇ ಹಾಕು. ನನ್ನ ಸೊಸೆ ಓದಿ ಹೇಳುತ್ತಾಳೆ.